ನೋಡಾಕ ಬಂದವರು

ಕಿಟಕಿಯ ಗಾಜು ಗಡಗಡ ಗಡಗಡ, ಚೌಕಟ್ಟಿನ ಕೆಳಗಿನ ಸ್ಕ್ರೂ ಬಿದ್ದುಹೋಗಿದೆ, ಒಂದು ಕಾಗದದ ಚೂರು ಮಡಚಿ ಸಂದಿಗೆ ತುರುಕಿದರೆ ಸದ್ದು ನಿಂತೀತು, ಶಾರವ್ವನ ಬೆರಳುಗಳು ಆಗಲೇ ಸೀಟಿನ ಕೆಳಗೆ ಬಿದ್ದ ಹಳೆಯ ಟಿಕೀಟೊಂದನ್ನು ಹೆಕ್ಕಿ ಮಡಚುತ್ತಿವೆ — ಥೂ, ಬಿಡು, ಯಾರದೋ ಬಸ್ಸು, ಯಾರದೋ ಕಿಟಕಿ, ನಿನಗ್ಯಾಕ ಇಲ್ಲದ ಉಸಾಬರಿ, ಎಂದು ತನ್ನ ಕೈಯನ್ನು ತಾನೇ ಬೈದುಕೊಂಡಳು, ಆದರೂ ಚೂರು ಸಂದಿಗೆ ಹೋಗಿಯೇಬಿಟ್ಟಿತು, ಗಾಜು ಸುಮ್ಮನಾಯಿತು, ಪಕ್ಕದಲ್ಲಿ ಕೂತ ಮುದುಕಿ ಛಲೋ ಮಾಡಿದಿ ನೋಡವಾ ಅಂದಳು. ಛಲೋ ಮಾಡಿದಿ. ಈ ಮಾತನ್ನು ಪರಮೇಶಿಯ ಬಾಯಲ್ಲಿ ಎಷ್ಟು ಸಲ ಕೇಳಿಲ್ಲ, ಹಿರೇಕೆರೂರಿನಿಂದ ಬಂದಾಗಲೆಲ್ಲ ಹಾನಗಲ್ಲಿನ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಮೇಲೆ ಹಂಚು ನೋಡಿ, ಕೆಳಗೆ ಗೋಡೆ ನೋಡಿ, ಛಲೋ ಇಟ್ಟೀಯಕ್ಕ, ನೀ ಇರೂದ್ಕ ಈ ಮನಿ ನಿಂತೈತಿ, ಇಲ್ಲಾಂದ್ರ ಎಂದೋ ಬಿದ್ದು ಮಣ್ಣಾಗಿ ಹೋಗತಿತ್ತು ಅನ್ನುವನು. ತಮ್ಮ. ಒಬ್ಬನೇ ತಮ್ಮ. ಅವ್ವನ ಎದೆಯಲ್ಲಿ ಹಾಲು ಬತ್ತಿದಾಗ ಆಡಿನ ಹಾಲಿಗೆ ಅರಿವೆಯ ಬತ್ತಿ ಅದ್ದಿ ಇವನ ಬಾಯಿಗೆ ಇಟ್ಟವಳು ಅವಳೇ, ಇವನನ್ನು ಕಂಕುಳಲ್ಲಿ ಹೊತ್ತು ಹೊತ್ತು ಅವಳ ಸೊಂಟ ಒಂದು ಕಡೆಗೆ ವಾಲಿದ್ದೂ ಖರೆ, ಮುಂದೆ ಗಂಡ ತೀರಿಕೊಂಡು ಶಿಗ್ಗಾಂವಿಯಿಂದ ಅದೇ ಕಂಕುಳಲ್ಲಿ ಮಗಳು ಮಾದೇವಿಯನ್ನು ಹೊತ್ತು ತವರಿಗೆ ಬಂದಾಗ ಬಾಗಿಲಲ್ಲಿ ನಿಂತು ಒಳಗ ಬಾ ಅಕ್ಕಾ ಅಂದವನೂ ಇವನೇ. ಅದನ್ನು ಮರೆಯುವ ಹೆಣ್ಣಲ್ಲ ಅವಳು. ಅವ್ವ ಹೋದಮೇಲೆ ಇವನು ಹಿರೇಕೆರೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟಾಗ, ಗಾಡಿಗೆ ಸಾಮಾನು ಏರಿಸುತ್ತ ಹೇಳಿದ್ದ, ನೀ ಇರೂತನಕ ಈ ಮನಿ ನಿಂದ ಅಕ್ಕಾ, ನಾ ಕೇಳೂದಿಲ್ಲ. ಕೇಳಲಿಲ್ಲ, ಖರೆ. ಒಂದು ಮಾತೂ ಕೇಳಲಿಲ್ಲ.

ಬಸ್ಸು ಎಲ್ಲಿ ಬಂತು, ತಿಳವಳ್ಳಿ, ಜೋಳದ ಚೀಲ ಇಳಿಸುತ್ತಿದ್ದಾರೆ, ಮೇಲಿನಿಂದ ದಬ್ ದಬ್ ಸದ್ದು, ಮಾಡಿನ ಮೇಲೆ ಮಂಗ ಜಿಗಿದಂತೆ — ಮಂಗಗಳ ಕಾಟವೇನು ಕಡಿಮೆಯೇ, ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಒಡೆದ ಹಂಚು ಎಣಿಸಿ, ಸೀರೆಗೆ ಕಚ್ಚೆ ಹಾಕಿ, ನಿಚ್ಚಣಿಕೆ ಹತ್ತಿ, ಒಡೆದದ್ದು ತೆಗೆದು ಹೊಸದನ್ನು ಕೂಡಿಸಿ, ಓಣಿಯ ಹೆಂಗಸರು ಸೆರಗು ಬಾಯಿಗೆ ಹಚ್ಚಿ ನಕ್ಕದ್ದೇ ನಕ್ಕದ್ದು, ಶಾರವ್ವ ಮಾಡಿನ ಮ್ಯಾಲ ಹತ್ಯಾಳ, ಬರ್ರಿ ನೋಡಾಕ. ಆಮೇಲೆ ಅವರೇ ಬಂದರು, ನಮ್ಮ ಬಚ್ಚಲದ ಮೋರಿ ಕಟ್ಟೇತಿ ಬಾರವಾ, ನಮ್ಮ ಕದ ಜೋತು ಬಿದ್ದೈತಿ ನೋಡವಾ. ಕರೆಂಟು ಬಂದದ್ದು ತುರ್ತುಪರಿಸ್ಥಿತಿಯ ವರ್ಷ, ಸವಣೂರಿನಿಂದ ಬಂದು ಹಾನಗಲ್ಲಿನಲ್ಲಿ ಅಂಗಡಿ ಇಟ್ಟ ಗೌಸಸಾಬ ಹೆಗಲಿಗೆ ವೈರಿನ ಸುರುಳಿ ಹಾಕಿಕೊಂಡು ಬಂದಿದ್ದ, ಮಣ್ಣಿನ ಗೋಡೆಗೆ ಮೊಳೆ ನಿಲ್ಲೂದಿಲ್ರಿ ಅಕ್ಕಾರ ಎಂದು ಸಾಗವಾನಿಯ ಗೂಟ ಕೆತ್ತಿ ಬಡಿದು, ಆ ಗೂಟಕ್ಕೆ ಪಟ್ಟಿ, ಪಟ್ಟಿಯ ಮೇಲೆ ವೈರು, ಅವಳು ನಿಚ್ಚಣಿಕೆ ಹಿಡಿದು ಕೆಳಗೆ ನಿಂತು ನೋಡುತ್ತಲೇ ಇದ್ದಳು, ಸೀರೆಗೆ ನೆರಿಗೆ ಹಿಡಿದಂಗ ಹಿಡೀತೀರಲ್ರಿ ವೈರ, ಎಂದು ನಕ್ಕಿದ್ದಳು. ಮೊದಲ ಸಲ ಫ್ಯೂಜ್ ಸುಟ್ಟಾಗ ಗೌಸಸಾಬ ಊರಲ್ಲಿರಲಿಲ್ಲ, ಮಾದೇವಿಗೆ ಮರುದಿನ ಪರೀಕ್ಷೆ, ಚಿಮಣಿ ಹಚ್ಚಿ ಓದು ಅಂದರೆ ಆ ಹುಡುಗಿಯ ಮೋರೆ ಸಣ್ಣದಾಯಿತು, ಅದಕ್ಕೆ ಅವಳು ಅವನ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡಳು, ಮೊದಲು ಮೇನ್ ಬಂದ್ ಮಾಡ್ರಿ, ಆಮ್ಯಾಲ ಕೈ ಹಚ್ರಿ, ಹಸಿ ಕೈ ಬ್ಯಾಡ, ಬರಿಗಾಲ ಬ್ಯಾಡ, ಊಟದ ಮಣೆ ತಂದು ಅದರ ಮೇಲೆ ನಿಂತು, ಸುಟ್ಟ ತಂತಿ ಕಿತ್ತು ಹೊಸ ತಂತಿ ಸುತ್ತಿ ಒತ್ತಿದಳು — ಬೆಳಕು. ಮಾದೇವಿ ಅವ್ವಾ ಎಂದು ಚಪ್ಪಾಳೆ ಹೊಡೆದಳು. ಇಡೀ ಜನ್ಮದಲ್ಲಿ ಅವಳಿಗಾಗಿ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ಅವತ್ತಿನಿಂದ ಆ ಮನೆ ಅವಳ ಮೈಯಾಯಿತು, ಎಲ್ಲಿ ತುರಿಸಿದರೂ ಕೈ ಹೋಗುತ್ತದೆ, ತೊಲೆಗೆ ಗೆದ್ದಲು ಹತ್ತಿತೆಂದರೆ ಸುಟ್ಟ ಎಣ್ಣೆ ಬಳಿ, ಅಡುಗೆಮನೆಯ ಗೋಡೆ ಬಾಯಿಬಿಟ್ಟರೆ ಕೆಮ್ಮಣ್ಣಿಗೆ ಭತ್ತದ ಹೊಟ್ಟು ಕಲಸಿ ಕೊಳೆಯಲು ಇಟ್ಟು ಮೆತ್ತು, ಅಂಗೈಯಿಂದ ಸವರು, ಕೂಸಿನ ಬೆನ್ನು ಸವರಿದಂತೆ. ಅವಳ ಹೆಸರಿನಲ್ಲಿ ಏನೂ ಇರಲಿಲ್ಲ, ಅಪ್ಪನಿಂದ ಪರಮೇಶಿಯ ಹೆಸರಿಗೇ ಹೋಗಿತ್ತು ಮನೆ, ಅದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಎಂದೂ ನೆನಪಾಗಲಿಲ್ಲ. ನಮ್ಮ ಮೈ ಯಾರ ಹೆಸರಿನಲ್ಲಿದೆ ಎಂದು ಯಾರಾದರೂ ಕೇಳುತ್ತಾರೆಯೇ.

ಬಸ್ಸು ಹೊರಟಿತು, ಧೂಳು, ಮುದುಕಿ ಎಲ್ಲಿಗಿ ಹೊಂಟೀಯವಾ ಎಂದು ಕೇಳುತ್ತಾಳೆ, ತಮ್ಮನ ಮನಿಗಿ ಅನ್ನುತ್ತಾಳೆ ಶಾರವ್ವ, ಏನು ಶುಭಕಾರ್ಯನ? ಶುಭಕಾರ್ಯ. ಯುಗಾದಿ ಕಳೆದ ಮೇಲೆ ಬಂದಿದ್ದ ಪರಮೇಶಿ, ಬಿಸಿ ರೊಟ್ಟಿ ಪುಂಡಿಪಲ್ಲೆ ತಿಂದು, ಕೈ ತೊಳೆದು, ಕಂಬಕ್ಕೆ ಒರಗಿ ಕೂತು, ಅಕ್ಕಾ, ಬರೂ ಐತವಾರ ಮಂದಿ ಬರ್ತಾರ ನೋಡಾಕ, ಅಕ್ಕಿಆಲೂರಿನ ಲಕ್ಷ್ಮಪ್ಪ ಅಂತ, ಅಕ್ಕಿ ಗಿರಣಿ ಇಟ್ಟಾರ, ಭಾಳ ದೊಡ್ಡ ಮಂದಿ, ಮನಿ ಒಂದೀಟು ಛಂದ ಮಾಡಿ ಇಡು ಅಂದ. ಯಾರನ್ನೋ, ನಮ್ಮ ಮಾದೇವಿನ ನೋಡಾಕೇನೋ, ಎಂದು ಅವಳು ಕೇಳಿದಳು, ಬಾಯಿಬಿಟ್ಟು ಕೇಳಿದಳು, ಕೇಳಲಿಲ್ಲ ಎಂದು ಯಾರೂ ಅನ್ನುವಂತಿಲ್ಲ. ಆಗ ಅವನು ಸೊಂಟದ ಚಂಚಿ ಬಿಚ್ಚಿದ. ಒಂದು ಎಲೆ ತೆಗೆದ, ಧೋತರಕ್ಕೆ ಒರೆಸಿದ, ತೊಟ್ಟು ಮುರಿದ, ಸುಣ್ಣ ಸವರಿದ, ಮಡಚಿ ಬಾಯಿಗೆ ಇಟ್ಟುಕೊಂಡ, ದವಡೆ ಉಬ್ಬಿತು, ತಲೆ ಈ ಕಡೆಯೂ ಅಲ್ಲ ಆ ಕಡೆಯೂ ಅಲ್ಲ ಒಂದು ಥರ ಅಲ್ಲಾಡಿತು, ಮೂಗಿನಲ್ಲೇ ಹ್ಞುಂ ಅಂದ. ಅಷ್ಟೇ. ಅವಳು ಹೌದು ಎಂದು ತಿಳಿದಳು. ಯಾಕೆ ತಿಳಿಯಬಾರದು, ಮದುವೆಗೆ ಬಂದ ಹುಡುಗಿ ಇರುವ ಮನೆಗೆ ಮಂದಿ ನೋಡಾಕ ಬರ್ತಾರ ಅಂದರೆ ಏನು ಅರ್ಥ, ಬಂಕಾಪುರದಿಂದ ಹಿಡಿದು ಹಿರೇಕೆರೂರಿನ ತನಕ ಯಾರನ್ನಾದರೂ ಕೇಳಿ. ಅವನು ಹೋದ ಬೆನ್ನಿಗೇ ಅವಳು ಸೆರಗು ಸಿಕ್ಕಿಸಿದಳು, ಗೋಡೆಗೆ ಸುಣ್ಣ, ಕಟ್ಟೆಗೆ ಕೆಮ್ಮಣ್ಣಿನ ಅಂಚು, ಪಡಸಾಲೆಯ ಬಟನ್ ಸಡಿಲಾಗಿತ್ತು, ಅದನ್ನು ಬಿಚ್ಚಿ ಬಿಗಿ ಮಾಡಿ, ಹೊಗೆ ಹಿಡಿದ ಬಲ್ಬನ್ನು ಬೂದಿ ಹಚ್ಚಿ ಒರೆಸಿ, ಅಡುಗೆಮನೆಯ ಹೋಲ್ಡರ್ ಸೀಳಿತ್ತು, ಹೊಸದು ಹಾಕಿ, ಮುಂಬಾಗಿಲು ಕಿರ್ ಅನ್ನುತ್ತಿತ್ತು, ಅದಕ್ಕೆ ಕುಸುಬಿ ಎಣ್ಣೆ ಬಿಟ್ಟು. ಮಾದೇವಿ ಕೆಳಗೆ ನಿಂತು ಬಕೆಟ್ಟು ಕೊಡುತ್ತ, ಅವ್ವಾ ಅವರು ನನ್ನ ನೋಡಾಕ ಬರ್ತಾರೋ ಮನಿನೋ ಎಂದು ನಕ್ಕಿದ್ದಳು. ಅಯ್ಯೋ ದೇವರೇ. ಆ ಹುಡುಗಿ ನಗೆಯಲ್ಲಿ ಅಂದದ್ದು. ಅವಳೂ ನಕ್ಕಿದ್ದಳು, ಮನಿ ನೋಡಿದ್ರ ಮಗಳ ಗುಣ ತಿಳೀತೈತಿ ಹುಚ್ಚೀ ಅಂದಿದ್ದಳು.

ಬಂದರು. ಜೀಪಿನಲ್ಲಿ ಬಂದರು, ಲಕ್ಷ್ಮಪ್ಪ, ಅವನ ಹೆಂಡತಿ ಮಂಜವ್ವ, ಜೊತೆಗೆ ಪ್ಯಾಂಟು ಹಾಕಿದ ಹುಡುಗ, ಗುಂಗುರು ಕೂದಲು, ತೆಳ್ಳಗೆ, ನಿಲುವು ಛಲೋ, ಹಿಂದೆ ಪರಮೇಶಿ. ಹುಡುಗ ಒಳಗೆ ಬಂದವನೇ ಕಂಬ ತಟ್ಟಿ ನೋಡಿದ. ತೊಲೆ ನೋಡಿದ, ಗೋಡೆಗೆ ಗೇಣು ಹಾಕಿದ, ಹಿತ್ತಲಿಗೆ ಹೋಗಿ ನೀರು ಯಾಕಡೆ ಹೋಕ್ಕೈತ್ರಿ ಎಂದು ಕೇಳಿದ, ಮಾದೇವಿಯ ಕಡೆ ಒಮ್ಮೆಯೂ ಕಣ್ಣೆತ್ತಲಿಲ್ಲ, ನಾಚಿಕೆ ಸ್ವಭಾವ ಪಾಪ ಅಂದುಕೊಂಡಳು ಶಾರವ್ವ, ತಿಳುವಳಿಕೆ ಇದೆ, ಕಂಬ ತಟ್ಟಿ ನೋಡುವ ಗಂಡಸು ಸಂಸಾರ ಉಳಿಸಿಕೊಂಡಾನು. ಲಕ್ಷ್ಮಪ್ಪ ಕೇಳಿದ, ಮಳಿಗಾಲದಾಗ ಸೋರೂದೇನ್ರಿ ತಂಗಿ? ಒಂದ ಹನಿ ಇಲ್ರಿ ಅಣ್ಣಾರ, ನಾನ ಹತ್ತಿ ಹಂಚು ಕೂಡಸ್ತೇನಿ ವರ್ಷಾ, ಬರ್ರಿ ಇಲ್ಲಿ ನೋಡ್ರಿ, ಈ ತೊಲಿ ಅಪ್ಪನ ಕಾಲದ್ದು, ಹುಳ ಹತ್ತಗೊಟ್ಟಿಲ್ಲ. ಗ್ವಾಡಿ ಹಸಿ ಹಿಡೀತೈತೇನ್ರಿ? ಅಡಗಿಮನ್ಯಾಗ ಹಿಡೀತಿತ್ರಿ, ನಾನ ಮೆತ್ತೇನಿ, ಈಗ ಕಲ್ಲಿನಂಗ ಐತಿ, ಮುಟ್ಟಿ ನೋಡ್ರಿ. ಮುಟ್ಟಿ ನೋಡ್ರಿ ಅಂದಳು! ಒಂದೊಂದು ಕೋಣೆಗೂ ಕರೆದೊಯ್ದು, ಒಂದೊಂದು ಬಟನ್ ಒತ್ತಿ, ಇದು ನಡುಮನಿದು, ಇದು ಬಚ್ಚಲದ್ದು, ಎಲ್ಲಾ ನನ್ನ ಕೈಯಾಗಿಂದ್ರಿ, ಮಗಳಿಗೂ ಕಲಿಸೇನಿ — ಮಗಳಿಗೂ ಕಲಿಸೇನಿ ಎಂದಾಗ ಮಂಜವ್ವ ಹೌದಾ ಎಂದು ಗೋಡೆಯ ಕಡೆಗೇ ನೋಡಿ, ಈ ನಡುವಿನ ಗ್ವಾಡಿ ತೆಗದ್ರ ಒಂದ ಹಾಲ್ ಆಗತೈತಲ್ರಿ ಎಂದು ಗಂಡನಿಗೆ ಹೇಳಿದಳು, ದೊಡ್ಡಮಂದಿಯ ಮಾತಿನ ರೀತಿ ಹೀಗೇ ಏನೋ ಎಂದು ಶಾರವ್ವ ಬಿಟ್ಟಳು. ಮಾದೇವಿ ಹೊರಗೆ ಬಂದಳು. ಗುಲಾಬಿ ಇಳಕಲ್ಲ ಸೀರೆ, ಅವ್ವನದು, ತಲೆ ತಗ್ಗಿಸಿ, ಅವಲಕ್ಕಿಯ ತಾಟು ಹಿಡಿದು, ಚಮಚ ತಾಟಿಗೆ ತಾಗಿ ಕಿಣಿಕಿಣಿ. ಇಟ್ಟು ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ಲಕ್ಷ್ಮಪ್ಪನ ಕಾಲಿಗೆ, ಮಂಜವ್ವನ ಕಾಲಿಗೆ. ಅವರಿಬ್ಬರೂ ಬೆಚ್ಚಿದಂತೆ ಕಾಲು ಹಿಂದಕ್ಕೆ ಎಳೆದುಕೊಂಡರು, ಯಾಕವಾ ಯಾಕ ಬಿಡು ಅಂದರು. ಮಾದೇವಿ ಹಾಗೇ ನಿಂತಳು, ಇನ್ನು ತನ್ನ ಹೆಸರು ಕೇಳುತ್ತಾರೆ, ಎಷ್ಟು ಓದಿದಿ ಎಂದು ಕೇಳುತ್ತಾರೆ ಎಂದು ನಿಂತೇ ಇದ್ದಳು, ಯಾರೂ ಕೇಳಲಿಲ್ಲ, ಹುಡುಗ ಅವಲಕ್ಕಿ ತಿನ್ನುತ್ತ ಮೀಟರ್ ಪೆಟ್ಟಿಗೆ ನೋಡುತ್ತಿದ್ದ. ಶಾರವ್ವ ತಮ್ಮನ ಕಡೆ ನೋಡಿದಳು, ಏನಾದರೂ ಅನ್ನೋ, ನನ್ನ ಸೋದರಸೊಸಿ ಇಕಿ ಅನ್ನೋ. ಪರಮೇಶಿ ಕಂಬದ ಮರೆಯಲ್ಲಿ ಕೂತಿದ್ದ, ಆಗಲೇ ಬಾಯಿ ತುಂಬ ಇತ್ತು, ಆದರೂ ಇನ್ನೊಂದು ಎಲೆ ಧೋತರಕ್ಕೆ ಒರೆಸುತ್ತಿದ್ದ.

ಚಿಕ್ಕೇರೂರು ದಾಟಿತು, ಕಂಡಕ್ಟರ್ ಸೀಟಿ ಊದುತ್ತಾನೆ, ಬಿಸಿಲು ತೊಡೆಯ ಮೇಲೆ ಬಿದ್ದು ಸುಡುತ್ತಿದೆ, ಸರಿಯುವುದಕ್ಕೆ ಜಾಗವಿಲ್ಲ. ಆ ಮಂದಿ ಹೋದಮೇಲೆ ಸುದ್ದಿ ಬರಲಿಲ್ಲ. ಮಾದೇವಿ ಬಾಯಿಬಿಟ್ಟು ಕೇಳಲಿಲ್ಲ, ಆದರೆ ಅಂಚೆಯವನ ಸೈಕಲ್ಲು ಓಣಿಗೆ ಬಂದರೆ ಕೈಯಲ್ಲಿದ್ದ ಕೆಲಸ ನಿಲ್ಲಿಸುವಳು, ಗುಲಾಬಿ ಸೀರೆಯನ್ನು ಮಡಚಿ ಪೆಟ್ಟಿಗೆಯಲ್ಲಿ ಇಡದೆ ಹಗ್ಗದ ಮೇಲೆಯೇ ಬಿಟ್ಟಿದ್ದಳು, ಮತ್ತೆ ಬೇಕಾದೀತು ಎಂಬಂತೆ. ಇವತ್ತು ಮುಂಜಾನೆ ಶಾರವ್ವ ಸ್ಟೂಲಿನ ಮೇಲೆ ನಿಂತು ಪಡಸಾಲೆಯ ಬೋರ್ಡು ಬಿಚ್ಚಿದ್ದಳು, ಬಟನ್ ಒತ್ತಿದರೆ ಕಿಡಿ ಬರುತ್ತಿತ್ತು, ಅಷ್ಟರಲ್ಲಿ ಗೌಸಸಾಬ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಏನ್ರಿ ಅಕ್ಕಾರ, ಬಿಟ್ಟು ಹೋಗೂ ಮನಿಗಿ ಇನ್ನೂ ರಿಪೇರಿ ಮಾಡಾಕತ್ತೀರಿ ಅಂದ. ನಗುತ್ತಲೇ ಅಂದ. ಅವಳೂ ನಗುತ್ತಲೇ ಯಾರ ಬಿಟ್ಟು ಹೊಂಟಾರ ಗೌಸಸಾಬ್ರ ಅಂದಳು, ಅವನು ಜೇಬಿನಿಂದ ಟೇಪು ತೆಗೆದು ಗೋಡೆಗೆ ಹಿಡಿಯುತ್ತ, ಲಕ್ಷ್ಮಪ್ಪನವ್ರು ಹೇಳಿ ಕಳಿಸ್ಯಾರ, ಗೋದಾಮು ಮಾಡ್ತಾರಂತ, ನಡಕಿನ ಗ್ವಾಡಿ ಒಡದು, ಟ್ಯೂಬಲೈಟ್ ಎಲ್ಲೆಲ್ಲಿ ಬರ್ತಾವು ನೋಡು ಅಂದ್ರು, ಆ ದಿನ ಬಂದಿದ್ನಲ್ರಿ ಗುಂಗುರು ಕೂದಲಾಂವ, ಕಟ್ಟಡದ ಗುತ್ತಿಗೆ ಅಂವಂದ, ಹುಬ್ಬಳ್ಳ್ಯಾಗ ಕಲತಾನ, ಎರಡ ಮಕ್ಕಳು ಅದಾವು — ಎಂದವನು ಅವಳ ಮೋರೆ ನೋಡಿ ಟೇಪು ಬಿಟ್ಟುಬಿಟ್ಟ, ಟೇಪು ಸರ್ರನೆ ಸುತ್ತಿಕೊಂಡಿತು. ನಿಮಗ ಗೊತ್ತಿಲ್ಲೇನ್ರಿ ಅಕ್ಕಾರ. ಅವಳು ಸ್ಟೂಲಿನ ಮೇಲೇ ನಿಂತಿದ್ದಳು. ಯಾ ಅಲ್ಲಾ ಎಂದು ಅವನು ಹೊಸ್ತಿಲ ಮೇಲೆ ಕೂತ. ಆಮೇಲೆ ಏನೇನೋ ಅಂದ, ನನ್ನ ಅಂಗಡಿಗಿ ಇಸ್ತ್ರಿ, ಕರೆಂಟ ಒಲಿ ರಿಪೇರಿಗಿ ಬರ್ತಾವು, ನಿಮ್ಮ ಮನಿಗೇ ತಂದು ಕೊಡ್ತೇನಿ, ನೀವ ಮಾಡ್ರಿ, ನಮ್ಮ ಓಣ್ಯಾಗ ಜನ್ನತಬಿ ಮನಿ ಹಂತ್ಯಾಕ ಒಂದ ಖೋಲಿ ಖಾಲಿ ಐತಿ, ಅವಳಿಗೆ ಕೇಳಿಸಿತು, ಎಲ್ಲವೂ ಕೇಳಿಸಿತು, ದೂರದ ಬಾವಿಯೊಳಗಿಂದ ಬಂದಂತೆ. ಇಳಿದಳು. ಬೋರ್ಡಿನ ಸ್ಕ್ರೂ ಬಿಗಿ ಮಾಡಿ ಮೇನ್ ಹಾಕಿ ಇಳಿದಳು, ಅರ್ಧಕ್ಕೆ ಬಿಡುವುದು ಅವಳ ಕೈಗೆ ಬರುವುದಿಲ್ಲ. ಸೀರೆ ಬದಲಿಸಿ ಹೊರಟಾಗ ಮಾದೇವಿ ಹಿತ್ತಲಿನಿಂದ ಓಡಿ ಬಂದಳು, ಎಲ್ಲಿಗವ್ವಾ? ಹಿರೇಕೆರೂರಿಗೆ. ಮಾವನ ಮನಿಗೇನ, ಸುದ್ದಿ ಬಂತೇನವ್ವಾ? ಆ ಮೋರೆ. ಕೆನ್ನೆ ಕೆಂಪಾಗಿ, ಕೆಂಪಾದದ್ದನ್ನು ಮುಚ್ಚಲು ತಿರುಗಿ ನಿಂತ ಆ ಮೋರೆ. ಕೇಳ್ಕೊಂಡು ಬರ್ತೇನಿ ಅಂದಳು ಶಾರವ್ವ.

ಇಳಿದದ್ದೂ ಗೊತ್ತಾಗಲಿಲ್ಲ, ನಡೆದದ್ದೂ ಗೊತ್ತಾಗಲಿಲ್ಲ, ಅಂಗಡಿಯಲ್ಲಿ ಆಳು ಹೊಸಾ ಮನ್ಯಾಗ ಅದಾರ್ರಿ ಅಂದ, ಹೊಸ ಮನೆ ಎದುರಿಗೆ ನಿಂತಿದೆ, ಕಾಂಕ್ರೀಟಿನ ಮಾಳಿಗೆ, ಗೋಡೆಗೆ ಇನ್ನೂ ಸಿಮೆಂಟಿನ ಹಸಿ ವಾಸನೆ, ಬೋರ್ಡು ಕೂಡಿಸುವ ತೂತುಗಳಿಂದ ವೈರುಗಳು ನಾಲಿಗೆಯಂತೆ ಹೊರಗೆ ಜೋತಿವೆ. ಅಕ್ಕಾ! ಹೇಳಲಿಲ್ಲ ಕೇಳಲಿಲ್ಲ, ಬಾ ಬಾ, ಬಿಸಲಾಗ ಬಂದೀ, ಎಂದು ಪರಮೇಶಿ ಓಡಿ ಬಂದು ಅವಳ ಕೈಚೀಲ ತೆಗೆದುಕೊಂಡ, ನೋಡು ಬಾ ಎಂದು ಒಳಗೆ ಕರೆದೊಯ್ದ, ಇದು ಹಾಲ್, ಇದು ದೇವರ ಖೋಲಿ, ಅವಳು ಹಿಂದೆ ನಡೆದಳು, ಅವಳು ಲಕ್ಷ್ಮಪ್ಪನಿಗೆ ತೋರಿಸಿದಂತೆಯೇ ಇವನೂ ಒಂದೊಂದೇ ತೋರಿಸುತ್ತಿದ್ದಾನೆ, ಹಿಂದುಗಡೆ ಒಂದು ಸಣ್ಣ ಕೋಣೆಯ ಮುಂದೆ ನಿಂತು, ಇದು ನಿನಗ ಮತ್ತ ಮಾದೇವಿಗೆ ಅಂತನ ಕಟ್ಟಿಸೇನಿ, ಇಷ್ಟ ದೊಡ್ಡ ಮನಿ ನೋಡ್ಕೊಳ್ಳಾಕ ನಿನ್ನಂಥಾಕಿ ಒಬ್ಬಾಕಿ ಬೇಕಲ್ಲ ಅಕ್ಕಾ ಅಂದ. ಹಾನಗಲ್ಲ ಮನಿ ಲಕ್ಷ್ಮಪ್ಪಗ ಕೊಟ್ಟಿಯೇನು ಪರಮೇಶಿ. ಅವನ ಕೈಯಲ್ಲಿ ಚೀಲ ಸ್ವಲ್ಪ ಕೆಳಗೆ ಇಳಿಯಿತು. ಕೊಡಬೇಕಾತಕ್ಕ, ಈ ಮನಿ ಮುಗೀಬೇಕಲ್ಲ, ಮಣ್ಣಿನ ಗ್ವಾಡಿಗೆ ಎಷ್ಟಂತ ತ್ಯಾಪಿ ಹಚ್ಚೂದು, ನೀನರ ಎಷ್ಟ ದಿನಾ ಹತ್ತಿ ಇಳೀತಿ, ಬಿದ್ದು ಕಾಲು ಮುರಕೊಂಡ್ರ? ನಿನ್ನ ಒಳ್ಳೇದ್ಕ ಮಾಡೇನಿ. ನನಗ ಒಂದ ಮಾತು ಹೇಳಬಾರದಿತ್ತೇನು. ಹೇಳಿದ್ರ, ಅಂದ ಪರಮೇಶಿ, ನೆಲ ನೋಡುತ್ತ, ಹೇಳಿದ್ರ ನೀ ಹಂಗ ತೋರಸ್ತಿದ್ದೇನು ಮನಿ? ಲಕ್ಷ್ಮಪ್ಪ ಒಪ್ಪಿದ್ದು ನಿನ್ನ ಮಾತಿನ ಮ್ಯಾಲ. ಅಂದುಬಿಟ್ಟ. ಅಂದಮೇಲೆ ತಾನು ಏನು ಅಂದೆ ಎಂದು ತಿಳಿದವನಂತೆ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಹಾಗಾದರೆ ಅವಳು ಮಾರಿದ್ದಳು. ಮುಟ್ಟಿ ನೋಡ್ರಿ, ಕಲ್ಲಿನಂಗ ಐತಿ — ಅವಳ ಬಾಯಿ, ಅವಳ ಕೈ, ಅಷ್ಟು ವರ್ಷ ಮೆತ್ತಿದ ಮಣ್ಣು, ಒಂದೊಂದು ಹಂಚು, ಎಲ್ಲ ಕೂಡಿ ಅವಳನ್ನೇ ಹೊರಗೆ ಹಾಕಿದ್ದವು, ಅವನು ಕಂಬದ ಮರೆಯಲ್ಲಿ ಕೂತು ಅದನ್ನು ನೋಡಿದ್ದ. ಅಳು ಬರಲಿಲ್ಲ. ಬಂದಿದ್ದರೆ ಛಲೋ ಇತ್ತು. ಖೋಲಿ ನಿನಗ ಇರಲಿ, ಅಂದಳು, ಜನ್ನತಬಿ ಮನಿ ಹಂತ್ಯಾಕ ನಾ ಒಂದ ಖೋಲಿ ಹಿಡಿತೇನಿ, ನನ್ನ ಕೈ ನನ್ನ ಹಂತ್ಯಾಕ ಅದಾವು, ಹೊಟ್ಟಿಗಿ ಕಡಿಮಿ ಬೀಳೂದಿಲ್ಲ. ಅಕ್ಕಾ ಸಿಟ್ಟಾಗಬ್ಯಾಡ. ಸಿಟ್ಟಲ್ಲೋ. ಮನಿ ನಿನ್ನ ಹೆಸರಿಲೆ ಐತಿ, ಮಾರಿದಿ, ಅದರದು ನಾ ಮಾತಾಡೂದಿಲ್ಲ, ನೀ ಒಂದ ಕೆಲಸ ಮಾಡು, ಅಂಗಿ ಹಾಕ್ಕೋ, ನನ್ನ ಕೂಡ ಈಗಿನ ಬಸ್ಸಿಗಿ ಬಾ. ಅಲ್ಲಿ ಹುಡುಗಿ ಸುದ್ದಿ ಏನು ಅಂತ ದಾರಿ ಕಾಯಾಕತ್ತೈತಿ. ಆಕಿ ಮುಂದ ನಿಂತು ಹೇಳು, ಆ ಮಂದಿ ನಿನ್ನ ನೋಡಾಕ ಬಂದಿದ್ದಿಲ್ಲವಾ ಅಂತ, ನಿನ್ನ ಅವರ ಕಾಲಿಗಿ ಬೀಳಿಸಿದ್ದು ನಾನು, ಗೊತ್ತಿದ್ದೂ ಸುಮ್ಮನ ಕುಂತಿದ್ದೆ ಅಂತ, ನನಗ ಹೇಳೂದು ಬ್ಯಾಡ ಪರಮೇಶಿ, ಆಕಿಗೆ ಹೇಳು, ಸೋದರಮಾವ ಅದಿ ನೀ, ನಾ ಹೇಳಲಾರೆ, ನನ್ನ ಬಾಯಾಗ ಅದು ಬರೂದಿಲ್ಲೋ, ನಿನ್ನ ಬಾಯಿಲೆ ಹೇಳು. ಅವನು ತಲೆ ಎತ್ತಿದ. ಬಾಯಿ ತೆರೆದ, ಈಗ ಅಂದಾನು, ಆಡಿನ ಹಾಲಿನ ಬತ್ತಿಗೆ ತೆರೆಯುತ್ತಿದ್ದ ಅದೇ ಬಾಯಿ, ಈಗ ಒಂದು ಮಾತು, ಬರ್ತೇನಿ ನಡಿ ಅಂದರೂ ಸಾಕು, ತಪ್ಪಾತು ಅಂದರೂ ಸಾಕು, ಬರೂದಿಲ್ಲ ಹೋಗು ಅಂದರೂ ಅದೊಂದು ಮಾತು — ಚೀಲ ನೆಲಕ್ಕೆ ಇಳಿಯಿತು, ಕೈ ಸೊಂಟಕ್ಕೆ ಹೋಯಿತು, ಚಂಚಿಯ ದಾರ ಬಿಚ್ಚಿತು, ಎಲೆ ಬಂತು, ಧೋತರಕ್ಕೆ ಒರೆಸಿದ, ತೊಟ್ಟು ಮುರಿದ, ಚಟ್ ಎಂದಿತು ತೊಟ್ಟು, ಸುಣ್ಣ, ಹೆಬ್ಬೆರಳಿನಿಂದ ಸುಣ್ಣ, ಆ ತುದಿಯಿಂದ ಈ ತುದಿಗೆ, ಮಡಚಿದ, ಅವಳ ಕಣ್ಣೆದುರಿಗೇ, ಎಲೆ, ಹಸಿರು ಎಲೆ, ತೆರೆದ ಬಾಯಿ, ಬಾಯಿಯೊಳಗೆ ಎಲೆ, ಎಲೆ